ಬ್ರೀಸಿಯ ಹೊತ್ತು ನಡೆದ ಒಲೆ

ಲಿಯೋನ್ ಬೆಟ್ಟಗಳ ಆ ಹಳ್ಳಿಯಲ್ಲಿ ಓಗಾರ್ ಎಂದರೆ ಅಡುಗೆಮನೆಯ ನೆಲದೊಲೆ. ಒಲೆಯ ಸುತ್ತಲಿನ ಮನೆಯೂ ಓಗಾರ್, ಮನೆಯೊಳಗಿನ ಸಂಸಾರವೂ ಓಗಾರ್. ಇದರಲ್ಲಿ ಬ್ರೀಸಿಯಳಿಗೆ ವಿಶೇಷವೇನೂ ಕಂಡಿರಲಿಲ್ಲ. ಮೂರೂ ಒಂದೇ ಎಂದು ತಿಳಿದಿದ್ದಳು. ಮದುವೆಯಾಗಿ ಬಂದ ದಿನ ಅತ್ತೆ ಅವಳ ಕೈಗಿತ್ತದ್ದು ಕೆಂಡ ಕೆದಕುವ ಸಲಾಕೆ. ಮಲಗುವ ಮುನ್ನ ಕೆಂಡವನ್ನು ಬೂದಿಯಲ್ಲಿ ಹೂಳುವುದು, ಬೆಳಗ್ಗೆ ಕೆದಕಿ ಊದುವುದು. ಅತ್ತೆಯ ಅತ್ತೆಯ ಕಾಲದಿಂದಲೂ ಆ ಬೆಂಕಿ ಆರಿರಲಿಲ್ಲ. ನಲವತ್ತೊಂದು ವರ್ಷ ಬ್ರೀಸಿಯ ಒಲೆಗೆ ಕಡ್ಡಿ ಗೀರಿದವಳಲ್ಲ.

ಅಣೆಕಟ್ಟಿನ ನೀರು ಹಳ್ಳಿಯನ್ನು ಮುಳುಗಿಸಲಿದ್ದ ವರ್ಷ, ಬಯಲಿನ ಹೊಸ ಮನೆಗಳಿಗೆ ಜನರನ್ನು ಸಾಗಿಸಲು ಲಾರಿ ಬಂತು. ಬ್ರೀಸಿಯ ಕಬ್ಬಿಣದ ಗಡಿಗೆಯಲ್ಲಿ ಬೂದಿ ಹಾಸಿ, ಕೆಂಡವಿಟ್ಟು, ಮುಚ್ಚಿ ಹತ್ತಲು ಹೋದಳು.

"ಹುಲ್ಲಿನ ಹಾಸಿಗೆ ಮಧ್ಯೆ ಬೆಂಕೀನಾ ಅತ್ತಿಗೆ? ನಮ್ಮನ್ನೆಲ್ಲ ಸುಟ್ಟ ಮೆಣಸಿನಕಾಯಿ ಮಾಡ್ತೀಯೇನು?" ಎಂದ ಮೈದುನ ಅಬಿಲಿಯೋ.

"ನೀನು ಹಾಸಿಗೆ ಜೊತೆ ಹೋಗು. ನಾನು ನಡ್ಕೊಂಡ್ ಬರ್ತೀನಿ."

"ಮೂರು ದಿನದ ದಾರಿ."

"ನನಗೂ ಎಣಿಸೋಕೆ ಬರುತ್ತೆ."

ಗಡಿಗೆಯನ್ನು ತಲೆಯ ಮೇಲೆ ಹೊತ್ತು ನಡೆದಳು. ಸಂಜೆ ಕಣಿವೆಯಂಚಿನ ಮನೆಯೊಂದರಲ್ಲಿ ದೆಲ್ಫೀನ ಎಂಬ ಅಪರಿಚಿತೆಯನ್ನು, ತನ್ನ ಕೆಂಡಕ್ಕೆ ಒಲೆಯಲ್ಲಿ ಜಾಗ ಕೊಡುವೆಯಾ ಎಂದು ಕೇಳಿದಳು. ದೆಲ್ಫೀನ ತನ್ನ ಕೊರಡನ್ನು ಪಕ್ಕಕ್ಕೆ ಸರಿಸಿದಳು. ಕಡಲೆಯ ಸಾರು ಕುದಿಯುವಷ್ಟರಲ್ಲಿ ಎರಡು ಬೆಂಕಿಗಳೂ ಕೂಡಿಕೊಂಡಿದ್ದವು. ಬೆಳಗ್ಗೆ ಗಡಿಗೆ ತುಂಬಿಕೊಂಡು ಹೊರಟಳು.

ಮಧ್ಯಾಹ್ನ ಮಳೆ ಹಿಡಿಯಿತು. ಇಳಿಜಾರಿನಲ್ಲಿ ಕಾಲು ಜಾರಿ ಗಡಿಗೆ ಹಳ್ಳಕ್ಕೆ ಉರುಳಿತು. ಬ್ರೀಸಿಯ ಒದ್ದೆ ಬೂದಿಯಲ್ಲಿ ಬೆರಳಾಡಿಸಿದಳು. ಎಲ್ಲವೂ ತಣ್ಣಗಿತ್ತು. ಬಂಡೆಯಡಿ ನಿಂತಿದ್ದ ಕುರುಬನೊಬ್ಬ ಕಡ್ಡಿಪೆಟ್ಟಿಗೆ ಚಾಚಿದ.

"ಹೊತ್ತಿಸ್ಕೋ ತಾಯಿ. ಯಾರಿಗ್ ಗೊತ್ತಾಗುತ್ತೆ?"

"ನನಗೆ."

"ಬೆಂಕಿ ಬೆಂಕೀನೇ ಅಲ್ವಾ?"

"ನಿನ್ನ ಕುರಿ ಕಳೆದ್ರೆ ಕಂಡವರ ಕುರಿ ತೋರಿಸಿ ಅದೇ ಅಂತೀಯಾ?"

ಹಾಗೆಂದವಳು ಕಲ್ಲಿನ ಮೇಲೆ ಕುಳಿತಳು. ಅತ್ತೆಯ ಬೆಂಕಿ ತನ್ನ ಕೈಯಲ್ಲೇ ಸತ್ತಿತೆಂದುಕೊಂಡಳು. ಆಮೇಲೆ ದೆಲ್ಫೀನಳ ಒಲೆ ನೆನಪಾಯಿತು. ಬೆಂಕಿಯನ್ನೆಲ್ಲ ಹೊತ್ತು ತಂದೆನೆಂದು ಭಾವಿಸಿದ್ದಳು. ಆದರೆ ತಂದಷ್ಟೇ ಬೆಂಕಿ ಅಲ್ಲೂ ಉಳಿದಿತ್ತು. ಈಗಲೂ ಅಲ್ಲಿ ಉರಿಯುತ್ತಿತ್ತು. ಇಷ್ಟು ವರ್ಷ ದಿನವೂ ಊದಿದ ಬೆಂಕಿಯ ಬಗ್ಗೆ ಇಷ್ಟೂ ತನಗೆ ತಿಳಿದಿರಲಿಲ್ಲವಲ್ಲ ಎಂದುಕೊಂಡಳು. ಎದ್ದು, ಬಂದ ದಾರಿಯನ್ನೇ ಹಿಡಿದಳು.

ದೆಲ್ಫೀನ ಬೂದಿ ಸರಿಸಿದಳು. "ಯಾವುದು ನಿಂದು, ಯಾವುದು ನಂದು, ಹೇಗೆ ಹೇಳೋದೇ?"

"ಹೇಳೋಕಾಗಲ್ಲ," ಎಂದಳು ಬ್ರೀಸಿಯ, ಮೆಲ್ಲಗೆ.

ಆಮೇಲೆ ತಂಗಿದ ಮನೆಗಳಲ್ಲೆಲ್ಲ ಬೇಕೆಂದೇ ಎರಡು ಕೆಂಡ ಹೆಚ್ಚು ಬಿಟ್ಟಳು. ಹೊಸ ಮನೆಯ ಬಾಗಿಲಿಗೆ 'ಓಗಾರ್ ೧೭' ಎಂದು ಬರೆದಿದ್ದರು. ಒಳಗೆ ಒಲೆಯೇ ಇರಲಿಲ್ಲ, ಅಡುಗೆಗೆ ಕರೆಂಟಿನ ತಟ್ಟೆಯೊಂದಿತ್ತು. ಬ್ರೀಸಿಯ ದುಂಡುಮೇಜಿನಡಿ ಕಾಲು ಕಾಯಿಸಲು ಇಡುವ ಅಗ್ಗಿಷ್ಟಿಕೆಗೆ ಕೆಂಡ ಸುರಿದಳು. ಅಕ್ಕಪಕ್ಕದವರು ಕೆಂಡಕ್ಕಾಗಿ ಸೌಟು ಹಿಡಿದು ಬಂದರು. ಯಾರ ಮನೆಯಲ್ಲೂ ಊರಿನ ಬೆಂಕಿ ಉಳಿದಿರಲಿಲ್ಲ. ಕೊನೆಗೆ ಅಬಿಲಿಯೋ ಬಂದ.

"ಅತ್ತಿಗೆ, ನನಗೂ ಒಂದು."

ಅವಳು ಎರಡಿಟ್ಟಳು. "ಹಾಸಿಗೆಯಿಂದ ದೂರ ಇಡು."