ಅಕ್ಕನ ಮನೆಯ ಮುದ್ದೆ, ಅತ್ತೆಯ ಮನೆಯ ಮುದ್ದೆ

ಅಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಗಂಡುಮಕ್ಕಳಿಲ್ಲದ ಮನೆ ಎಂದು ಊರಿನವರು ಅಯ್ಯೋ ಪಾಪ ಅನ್ನುತ್ತಿದ್ದರೆ ಅಪ್ಪ ಮೀಸೆಯಲ್ಲೇ ನಗುತ್ತಿದ್ದರು. ತಾಯಲೂರಿನ ಕಡೆ ನಮಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ದಿಣ್ಣೆಯ ಮೇಲೆ ರಾಗಿ ಹೊಲ ಇತ್ತು. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ಅಕ್ಕನಿಗೆ ಮನೆಅಳಿಯನನ್ನು ತಂದರು. ಗಡಿಯ ಹತ್ತಿರದವರಾದ ನಮ್ಮಲ್ಲಿ ಇದಕ್ಕೆ ತೆಲುಗಿನಲ್ಲಿ ಇಲ್ಲರಿಕಂ ಅನ್ನುತ್ತಾರೆ. ಮದುವೆಯಾದ ಮೇಲೆ ಹೆಣ್ಣು ಅಲ್ಲೇ ಉಳಿಯುತ್ತಾಳೆ, ಗಂಡು ಗಂಟುಮೂಟೆ ಕಟ್ಟಿಕೊಂಡು ಬರುತ್ತಾನೆ. ಎರಡನೆಯವಳಾದ ನನಗೆ ಮಾತ್ರ ಎಲ್ಲರ ಹಾಗೆ ಮದುವೆ ಮಾಡಿ ಸುಗಟೂರಿನ ಹತ್ತಿರದ ಒಂದು ಹಳ್ಳಿಗೆ ಕಳಿಸಿದರು.

ನಾವು ನಾಯಕರು, ಸರ್ಕಾರದ ಲೆಕ್ಕದಲ್ಲಿ ಬುಡಕಟ್ಟಿನವರು. ಮುಳಬಾಗಿಲಿನ ಕಾಲೇಜಿನಲ್ಲಿ ಓದುವಾಗ ಮೇಷ್ಟ್ರೊಬ್ಬರು, ದೇಶದ ಈಶಾನ್ಯದ ಮೂಲೆಯಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುವ ಬುಡಕಟ್ಟುಗಳಿವೆ, ಅಲ್ಲಿ ಮನೆ ಕಿರಿಮಗಳಿಗೇ ಬರುತ್ತದೆ ಎಂದು ಪಾಠ ಮಾಡಿದ್ದರು. ಹುಡುಗಿಯರೆಲ್ಲ ಕಿಸಕ್ಕೆಂದು ನಕ್ಕಿದ್ದೆವು. ನಾನಂತೂ ಮನೆಗೆ ಹೋಗಿ ಅಕ್ಕನಿಗೆ, "ಅಲ್ಲಿ ಹುಟ್ಟಿದ್ರೆ ಈ ಮನೆ ನಂದಾಗ್ತಿತ್ತು ಕಣೇ, ನೀನು ಗಂಟು ಕಟ್ಬೇಕಿತ್ತು" ಎಂದು ರೇಗಿಸಿದ್ದೆ. ಅದು ತಮಾಷೆಯ ಮಾತಲ್ಲ ಎಂದು ತಿಳಿಯಲು ನಾನು ಬೇರೆ ಮನೆಯ ಸೊಸೆಯಾಗಬೇಕಾಯಿತು.

ಅಕ್ಕನ ಮನೆಯ ಊಟ ನೋಡಬೇಕು ನೀವು. ಹೊಲದಿಂದ ಬಂದವಳೇ ಕೈಕಾಲು ತೊಳೆದು ತಟ್ಟೆ ಮುಂದಿಟ್ಟುಕೊಂಡು ಕೂರುತ್ತಾಳೆ. ಹಸಿವಾಗಿದ್ದರೆ ಯಾರಿಗೂ ಕಾಯುವುದಿಲ್ಲ. ಎರಡನೇ ಮುದ್ದೆಗೆ ತಾನೇ ಕೈ ಹಾಕುತ್ತಾಳೆ. ಭಾವ ಬಲು ಸಂಕೋಚದ ಮನುಷ್ಯ. ಎಷ್ಟೇ ಆಗಲಿ ಅವರಿಗೆ ಅದು ಮಾವನ ಮನೆ. ಸಾರು ಇನ್ನಷ್ಟು ಬೇಕಾದರೂ ಕೇಳದೆ ಒಣ ಮುದ್ದೆ ಮುರಿಯುತ್ತಾ ಕೂತಿರುತ್ತಾರೆ. ಅಕ್ಕನೇ ನೋಡಿ, "ಬಾಯಲ್ಲಿ ಕೇಳಿದ್ರೆ ಮುತ್ತು ಉದುರುತ್ತಾ?" ಎಂದು ಸೌಟು ತುಂಬಾ ಸುರಿಯಬೇಕು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾಚಿಕೆಪಟ್ಟು ಅರೆಹೊಟ್ಟೆ ಉಣ್ಣುವ ಗಂಡಸನ್ನು ನಾನು ಕಂಡದ್ದು ಆ ಮನೆಯಲ್ಲಿ ಮಾತ್ರ.

ನನ್ನ ಅತ್ತೆಯ ಮನೆಯಲ್ಲಿ ಊಟಕ್ಕೆ ಸರತಿಯಿತ್ತು. ಮೊದಲು ಮಾವ, ಆಮೇಲೆ ನನ್ನ ಗಂಡ, ಅವರ ಕೈ ತೊಳೆದಾದ ಮೇಲೆ ಅತ್ತೆ, ಕಡೆಗೆ ನಾನು. ನಮ್ಮ ಜನರ ಮನೆಗಳೆಲ್ಲ ಹೀಗೇ ಎಂದು ನಾನು ಹೇಳುವುದಿಲ್ಲ, ಆ ಮನೆ ಹಾಗಿತ್ತು. ಬೇಯಿಸಿದವಳು ನಾನೇ ಆದರೂ ಬಡಿಸುವ ಸೌಟು ಅತ್ತೆಯದು. ನನ್ನ ಪಾಲಿಗೆ ಬರುವ ಹೊತ್ತಿಗೆ ಮುದ್ದೆ ನಿಂಬೆಹಣ್ಣಿನಷ್ಟಾಗಿ, ಸಾರಿನಲ್ಲಿ ಕಾಳು ತಳ ಸೇರಿ, ನೀರು ಮಾತ್ರ ಮೇಲೆ ತೇಲುತ್ತಿತ್ತು. ಅತ್ತೆ ಕೆಟ್ಟವರೇನಲ್ಲ. ಒಂದು ದಿನವೂ ಕೈ ಎತ್ತಿದವರಲ್ಲ, ತವರಿನ ಬಗ್ಗೆ ಹಗುರವಾಗಿ ಆಡಿದವರಲ್ಲ. ಮಾತು ಕಡಿಮೆ, ದುಡಿಮೆ ಜಾಸ್ತಿ. ಹಾಲು ಕರೆಯುವವರು ಅವರೇ, ಅದನ್ನು ಒಂದು ತೊಟ್ಟೂ ಬಿಡದೆ ಡೈರಿಗೆ ಹಾಕಿ ಬರುವವರೂ ಅವರೇ. ಮನೆಯಲ್ಲಿ ಕಾಫಿಗೆ ಹಾಲು ಉಳಿದರೆ ಅದು ಗಂಡಸರ ಲೋಟಕ್ಕೆ.

ಆ ಮನೆಯ ಬದುಕು ನಡೆಯುತ್ತಿದ್ದದ್ದು ರೇಷ್ಮೆಹುಳುವಿನಿಂದ. ಹುಳು ಪೊರೆ ಬಿಡುವ ನಿದ್ದೆಗೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳು ತಿನ್ನುವ ಸದ್ದು ಹುಳುಮನೆಯ ಹೊರಗೂ ಸಣ್ಣ ಮಳೆಯ ಹಾಗೆ ಕೇಳುತ್ತದೆ. ಆಗ ಹೊತ್ತು ತಪ್ಪಿದರೆ ಗೂಡು ಸಣ್ಣದಾಗುತ್ತದೆಂದು ಅತ್ತೆ ಸೊಪ್ಪಿನ ಹೊರೆ ಹೊತ್ತು ಓಡಾಡುತ್ತಿದ್ದರು. "ಬಾಯಿಲ್ಲದ ಜೀವ ಕಣಮ್ಮ, ಹೊತ್ತಿಗೆ ಸರಿಯಾಗಿ ಹಾಕ್ಬೇಕು" ಅನ್ನುವರು. ನನಗೆ ಬಾಯಿದೆಯಲ್ಲ, ಅದಕ್ಕೇ ಹಾಕುವುದಿಲ್ಲವೇನೋ ಎಂದು ನಾನು ಮನಸ್ಸಿನಲ್ಲೇ ಉರಿಯುತ್ತಿದ್ದೆ.

ಮೊದಲ ಬಸುರಿನಲ್ಲಿ ಐದು ತುಂಬುವ ಹೊತ್ತಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಂಗೈ ಸುಣ್ಣದ ಗೋಡೆಯಂತೆ ಬೆಳ್ಳಗಾಯಿತು. ಅಂಗನವಾಡಿ ಟೀಚರ್ ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ ಹೌಹಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಸುತ್ತಿಬಳಸಿ ಹೇಳಲಿಲ್ಲ. "ರಕ್ತ ತುಂಬಾ ಕಮ್ಮಿ ಇದೆ. ಹೆರಿಗೆ ಹೊತ್ತಿಗೆ ಇದು ಏರದಿದ್ರೆ ನಿನಗೂ ಕಷ್ಟ, ಮಗುವಿಗೂ ಕಷ್ಟ. ಮಾತ್ರೆ ನುಂಗು, ಹೊಟ್ಟೆ ತುಂಬಾ ತಿನ್ನು" ಎಂದರು. ಹೊಟ್ಟೆ ತುಂಬಾ ತಿನ್ನು ಎಂಬುದನ್ನು ಔಷಧಿಯ ಹಾಗೆ ಹೇಳುವುದನ್ನು ಕೇಳಿ ನನಗೆ ಅಳು ಬಂತು.

ಬಸುರಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಊಟ, ಮೊಟ್ಟೆ ಕೊಡುತ್ತಿದ್ದರು. ಟೀಚರ್ ಮನೆಗೇ ಬಂದು ಕರೆದರು. ಅತ್ತೆ ಮುಖ ಸಣ್ಣ ಮಾಡಿಕೊಂಡರು. "ಬೇಡ ಮೇಡಂ. ಸೊಸೆ ಬೀದಿಯಲ್ಲಿ ತಟ್ಟೆ ಹಿಡಿದ್ರೆ ಮನೇಲಿ ಅನ್ನ ಇಲ್ವಾ ಅಂತ ಕೇಳ್ತಾರೆ." ಮಾತ್ರೆಯ ಮೇಲೂ ಅವರಿಗೆ ಅನುಮಾನ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ದಿನ ಬಿಟ್ಟು ದಿನ ಕೊಡುತ್ತಿದ್ದರು. ನಾನು ಗಂಡನ ಹತ್ತಿರ ಗೊಣಗಿದೆ. ಅವರು, "ಅಮ್ಮನಿಗೆ ಗೊತ್ತಿಲ್ದೇ ಇರುತ್ತಾ? ಅವಳೂ ಹೆತ್ತವಳೇ ಅಲ್ವಾ?" ಎಂದು ಮಗ್ಗುಲಾದರು.

ಸುದ್ದಿ ತಿಳಿದು ಅಕ್ಕ ಬಸ್ಸು ಹತ್ತಿ ಬಂದಳು. ಕಡಲೆಬೀಜದ ಉಂಡೆ, ಹುರುಳಿಕಾಳು, ನಾಟಿಕೋಳಿ ಮೊಟ್ಟೆ ಎಲ್ಲ ತಂದಿದ್ದಳು. ನನ್ನ ಮುಖ ನೋಡಿದವಳೇ ಚೀಲ ಕೆಳಗಿಡುವುದನ್ನೂ ಮರೆತಳು. "ಅತ್ತೆಮ್ಮ, ಇವಳನ್ನ ಇವತ್ತೇ ಕರ್ಕೊಂಡು ಹೋಗ್ತೀನಿ" ಎಂದಳು. ಅತ್ತೆ ಮೆಲ್ಲಗೇ ಹೇಳಿದರು: "ಶಾಸ್ತ್ರ ಆಗ್ದೆ ಹೆಂಗಮ್ಮ ಕಳ್ಸೋದು? ಏಳನೇ ತಿಂಗಳಲ್ಲಿ ಮಡಿಲು ತುಂಬಿ ನಾವೇ ಕಳಿಸ್ತೀವಿ. ಹುಳು ಬೇರೆ ಜ್ವರಕ್ಕೆ ಕೂತಿವೆ." ಅಕ್ಕ ಹಲ್ಲು ಕಚ್ಚಿಕೊಂಡು ವಾಪಸ್ಸಾದಳು. ಅವಳು ತಂದ ಮೊಟ್ಟೆಗಳೂ ಸರತಿಯ ಪ್ರಕಾರವೇ ಖರ್ಚಾದವು.

ಹುಳು ಹಣ್ಣಾಗಿ ಗೂಡು ಕಟ್ಟಲು ಬಿಡುವ ದಿನ ನಾನು ಹುಳುಮನೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಹೊಟ್ಟೆ ನೆಲಕ್ಕೆ ತಾಗದ ಹಾಗೆ ಪಕ್ಕಕ್ಕೆ ಬಿದ್ದದ್ದು ನನ್ನ ಪುಣ್ಯ. ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಹನ್ನೊಂದಾದರೂ ಇರಬೇಕಾದ ರಕ್ತದ ಅಂಶ ಏಳಕ್ಕಿಂತ ಕೆಳಗಿತ್ತು. ರಕ್ತ ಹಾಕದೆ ಬೇರೆ ದಾರಿಯಿಲ್ಲ, ಮನೆಯವರು ಯಾರಾದರೂ ಬಂದು ಕೊಟ್ಟರೆ ಒಳ್ಳೆಯದು ಎಂದು ನರ್ಸಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೆ ಹೇಳಿದರು. ನಾನು ಬಾಗಿಲ ಪಕ್ಕದ ಮಂಚದಲ್ಲಿದ್ದೆ. ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಮಾವ ಟವೆಲ್ ಕೊಡವಿಕೊಂಡರು. ನನ್ನ ಗಂಡ ಚಪ್ಪಲಿ ನೋಡಿಕೊಳ್ಳುತ್ತಾ, "ಬೆಳಗ್ಗಿಂದ ಸಂಜೆ ತನಕ ಹೊಲದಲ್ಲಿ ದುಡಿಯೋರು ನಾವು, ನಿತ್ರಾಣ ಬಂದ್ಬಿಟ್ರೆ?" ಎಂದರು. ನನಗೆ ಆಗ ಅವರ ಮುಖ ನೋಡಲೂ ಅಸಹ್ಯವಾಯಿತು, ಸುಳ್ಳೇಕೆ ಹೇಳಲಿ? ಆಗ ಎದ್ದವರು ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲಕ್ಕೆ ಸರಿಸಿ, ತೋಳು ಚಾಚಿದರು. "ನಂದು ತಗೊಳ್ಳಮ್ಮ. ಎಷ್ಟು ಬೇಕೋ ಅಷ್ಟು ತಗೋ. ಮಗು ಉಳೀಲಿ, ಹುಡುಗಿ ಉಳೀಲಿ."

ನರ್ಸಮ್ಮ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬೆರಳು ಚುಚ್ಚಿ ನೋಡಿದರು. ಇನ್ನೊಮ್ಮೆ ನೋಡಿದರು. ಹೊರಗೆ ಬಂದು ಮಾವನಿಗೂ ನನ್ನ ಗಂಡನಿಗೂ ಕೇಳುವ ಹಾಗೆ ಜೋರಾಗಿಯೇ ಹೇಳಿದರು: "ಇವರಿಂದ ರಕ್ತ ತಗೊಳ್ಳೋ ಹಂಗಿಲ್ಲ. ಸೊಸೆಗಿರೋದಕ್ಕಿಂತ ಇವರಿಗೇ ಕಮ್ಮಿ ಇದೆ. ಇವರನ್ನೂ ಅಡ್ಮಿಟ್ ಮಾಡ್ಬೇಕು. ಮನೇಲಿ ಯಾರೂ ನೋಡ್ಲಿಲ್ವೇನ್ರೀ?"

ನನ್ನ ಗಂಡ ಬೆಂಚಿನಿಂದ ಎದ್ದು, ಯಾರ ಮುಖವನ್ನೂ ನೋಡದೆ, ಅಂಗಿಯ ತೋಳು ಮಡಚುತ್ತಾ ಒಳಗೆ ಹೋದರು. ಅವರು ರಕ್ತ ಕೊಟ್ಟಿದ್ದಕ್ಕೆ ಬದಲಾಗಿ ನನಗೆ ಬೇಕಾದ ರಕ್ತ ಸಿಕ್ಕಿತು. ನಾನೂ ಉಳಿದೆ, ಹೊಟ್ಟೆಯಲ್ಲಿದ್ದವಳೂ ಉಳಿದಳು. ಈಗ ಅವಳು ಶಾಲೆಗೆ ಹೋಗುತ್ತಾಳೆ, ಎಲ್ಲರಿಗಿಂತ ಮುಂಚೆ ತಟ್ಟೆ ಹಾಕಿಕೊಂಡು ಕೂರುತ್ತಾಳೆ.

ಅತ್ತೆಗೆ ನನ್ನ ಪಕ್ಕದ ಮಂಚವೇ ಸಿಕ್ಕಿತ್ತು. ಹೊತ್ತು ಮುಳುಗುವ ಮುಂಚೆ ಇಬ್ಬರ ಕೈಗೂ ಸೂಜಿ, ತಲೆಯ ಮೇಲೆ ಒಂದೊಂದು ಚೀಲ. ಮದುವೆಯಾದಾಗಿನಿಂದ ಅತ್ತೆ ಮಲಗಿದ್ದನ್ನು ನಾನು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಅಷ್ಟು ತೆಳ್ಳಗಿದ್ದಾರೆ ಎಂದು ಗೊತ್ತೇ ಇರಲಿಲ್ಲ. ಅಷ್ಟು ದಿನ ಅವರ ಮೇಲೆ ಕೂಡಿಟ್ಟಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನರ್ಸಮ್ಮ ಬಂದು, "ತಲೆ ಸುತ್ತು ಯಾವಾಗಿಂದ ಇದೆಯಮ್ಮ?" ಎಂದು ಕೇಳಿದರು.

ಅತ್ತೆ ಯೋಚಿಸಿದರು. "ಈ ಹುಡುಗಿಯ ಗಂಡನ್ನ ನಾನು ಹಡೆದಾಗಿಂದ್ಲೂ ಇದೆ ಕಣಮ್ಮ. ಬಗ್ಗಿ ಎದ್ರೆ ಕತ್ಲೆ ಬರುತ್ತೆ. ಹೆಂಗಸ್ರಿಗೆಲ್ಲ ಹಂಗೇ ಇರುತ್ತೆ ಅನ್ಕೊಂಡಿದ್ದೆ."

ನರ್ಸಮ್ಮ ಹೋದ ಮೇಲೆ ನಾನು ಅವರ ಕಡೆ ತಿರುಗಿ ಮಲಗಿದೆ. "ಎಲ್ಲರಿಗೂ ಇರಲ್ಲ ಅತ್ತೆ" ಎಂದೆ. "ನಮ್ಮಕ್ಕನಿಗಿಲ್ಲ."

ಅವರು ತಮ್ಮ ಕೈಯ ಸೂಜಿಯನ್ನೇ ನೋಡುತ್ತಿದ್ದರು. ಬೇಜಾರಿಲ್ಲದೆ, ಎಲ್ಲರಿಗೂ ಗೊತ್ತಿರುವ ವಿಷಯ ಹೇಳುವ ಹಾಗೆ ಹೇಳಿದರು: "ಅವಳು ಅವಳ ಮನೇಲಿ ಇದಾಳಲ್ಲಮ್ಮ."