ದೊಡ್ಡ ಲೀಗು

ಹತ್ತನೇ ತರಗತಿಗೆ ಬೀಜಗಣಿತ ಹೇಳಿಕೊಡುತ್ತಿದ್ದ ಒಂದು ಮಂಗಳವಾರ, ನಮ್ಮ ಸಿಡ್ನಿ ಕಾಲೇಜುಗಳ (ಇಲ್ಲಿ ಹೈಸ್ಕೂಲಿಗೂ ಕಾಲೇಜೆಂದೇ ಹೆಸರು) ಫುಟ್‌ಬಾಲ್ ಲೀಗಿಗೆ ಮೆಲ್ಬರ್ನಿನ ಕಾಲೇಜುಗಳೂ ಸೇರಿದವೆಂದು ತಿಳಿಯಿತು. ಪ್ಯಾರಮಟ್ಟಾದ ನಮ್ಮ ಹುಡುಗಿಯರ ತಂಡ ಅದುವರೆಗೆ ಶನಿವಾರ ರೈಲಿನಲ್ಲಿ ಹತ್ತಿರದ ಎಪ್ಪಿಂಗಿಗೆ ಹೋಗಿ, ಆಡಿ, ಊಟದ ಹೊತ್ತಿಗೆ ಮನೆ ಸೇರುತ್ತಿತ್ತು. ನನ್ನವರು ತೀರಿಕೊಂಡ ಮೇಲೆ ನನ್ನ ಶನಿವಾರಗಳಿಗೆ ಉಳಿದಿದ್ದುದು ಆ ತಂಡವೊಂದೇ.

ಮೆಲ್ಬರ್ನಿನಲ್ಲಿ ರಾತ್ರಿ ತಂಗಬೇಕೆಂದಾಗ ಅರ್ಧ ತಂಡವನ್ನು ಮನೆಯವರು ಕಳಿಸಲಿಲ್ಲ. ಅಲ್ಲಿನ ಬಾಕ್ಸ್ ಹಿಲ್‌ನ ಮೈದಾನಕ್ಕೆ ಆರೇ ಹುಡುಗಿಯರನ್ನು ಕರೆದುಕೊಂಡು ಹೋದೆ. ಆಟಗಾರರು ಕಡಿಮೆಯಾದರೆ ಎದುರು ತಂಡವೇ ತನ್ನವರನ್ನು ಎರವಲು ಕೊಡುವುದು ಸಿಡ್ನಿಯಲ್ಲಿ ರೂಢಿ. ಇಲ್ಲಿಯೂ ನಾನು ಕೇಳುವ ಮುನ್ನವೇ ಎದುರು ತಂಡದ ಇಬ್ಬರು ಹುಡುಗಿಯರು ನಮ್ಮ ಕಡೆ ಬಂದು ನಿಂತರು.

ಲೀಗಿನ ಕಾರ್ಯದರ್ಶಿ ಅಡ್ಡ ಬಂದರು. ಮಂಗಳೂರಿನವರು.

“ಹಾಗೆಲ್ಲ ಆಗುದಿಲ್ಲ ಟೀಚರ್. ಈಗ ನಮ್ಮದು ದೊಡ್ಡ ಲೀಗ್ ಅಲ್ವಾ? ಏಳು ಜನ ಸ್ವಂತದವರು ಇಲ್ಲದಿದ್ರೆ ಮ್ಯಾಚ್ ಇಲ್ಲ.”

“ದಟ್ಸ್ ನಾಟ್ ಫೇರ್, ಮಿಸ್,” ಎಂದಳು ನಮ್ಮ ಕ್ಯಾಪ್ಟನ್.

“ದೊಡ್ಡದು ಮಾಡಿದ್ದು ಯಾರಿಗಾಗಿ?” ಎಂದೆ. ತರಗತಿಯಲ್ಲಿ ನಾನು ಎಂದೂ ಅಷ್ಟು ಜೋರಾಗಿ ಮಾತಾಡಿದವಳಲ್ಲ.

“ಸಿಟ್ಟು ಮಾಡ್ಬೇಡಿ ಮಾರಾಯ್ರೆ. ಮಕ್ಕಳಿಗೆ ಮೆಲ್ಬರ್ನ್ ನೋಡಿದ ಹಾಗೂ ಆಯ್ತಲ್ಲ!”

“ಎಪ್ಪಿಂಗಿನಲ್ಲಿ ಇವರಿಗೆ ಆಟವಾದರೂ ಸಿಗುತ್ತಿತ್ತು.”

ಅವರು ರೆಫರಿಗೆ ಕೈ ಮಾಡಿದರು. ರೆಫರಿ ಸೀಟಿ ಊದಿದ. ಆಡದಿದ್ದವರು ಮೂರು ಗೋಲಿನಿಂದ ಸೋತಂತೆ ಎಂಬುದು ಹೊಸ ಲೀಗಿನ ನಿಯಮ. ಹಾಗೆ ನಾವು ಸೋತೆವು.

ನಮ್ಮ ಗೋಲ್‌ಕೀಪರ್ ಇನ್ನೂ ಕೈಗವಸು ಹಾಕಿಕೊಂಡಿರಲಿಲ್ಲ.