ಮೂಡಲಗಾಳಿ ಮತ್ತು ಅಜ್ಜಿಯ ಕಂಬಳಿ

ಮೊನ್ನೆ ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಟ್ರಂಕು ತೆರೆದರೆ ಅಜ್ಜಿಯ ಕರಿಕಂಬಳಿ ಕುರಿವಾಸನೆ ಹೊಡೆಯಿತು. ಹೊರಗೆ ರಣಬಿಸಿಲು. ಉಣ್ಣೆ ಗಾಳಿಯ ತೇವ ಹೀರುತ್ತದೆ, ಅದರಲ್ಲಿ ಪವಾಡವೇನೂ ಇಲ್ಲ ಎಂದು ಶಾಲೆಗೆ ಹೋಗುವಾಗಲೇ ವಾದಿಸಿದವಳು ನಾನು. ಆದರೂ ತಳಕಿನ ಹತ್ತಿರದ ನಮ್ಮ ಹಟ್ಟಿಯಲ್ಲಿ ಕಂಬಳಿ ನಾರಿತೆಂದರೆ ಮೂಡಣ ಕಡಲಲ್ಲಿ ತುಫಾನು ಎದ್ದಿದೆ ಎಂದೇ ಲೆಕ್ಕ. ನಿಮಗೂ ನೆನಪಿರಬಹುದು, ಮುಂಗಾರಿನ ಮೋಡ ಪಡುವಣ ಘಟ್ಟದಲ್ಲೇ ಖಾಲಿಯಾಗಿ ನಮ್ಮ ತಲೆಯ ಮೇಲೆ ಬರೀ ಗಾಳಿಯಾಗಿ ಹಾಯುತ್ತಿತ್ತು. ನಮ್ಮ ಪಾಲಿನ ಮಳೆ ಬರುತ್ತಿದ್ದದ್ದು ಹಿಂಬಾಗಿಲಿನಿಂದ, ಆ ಕಡಲು ಕೆರಳಿದಾಗ. "ಅವರ ಸೂರು ಹಾರಿದ್ರೆ ನಮ್ಮ ಕುರಿಗೆ ಹುಲ್ಲು" ಎಂದು ತಾತ ನಗುತ್ತಿದ್ದ. ಅಜ್ಜಿ ನಗುತ್ತಿರಲಿಲ್ಲ. ಚಿಕ್ಕಮ್ಮನನ್ನು ಕೊಟ್ಟಿದ್ದು ಆಂಧ್ರದ ಆ ದಂಡೆಗೇ, ತಾಳೆಗರಿ ಹೊದಿಸಿದ ಮನೆಗೆ.

ಒಂದು ವರ್ಷ ನಮ್ಮ ಕುರಿ ಮೇಯುವ ಬಯಲು, ವರವು ಕಾವಲಿನ ಹುಲ್ಲೆಲ್ಲ ಬಿಸಿಲಿಗೆ ಸುಟ್ಟು, ಕುರಿಗಳು ಜಾಲಿಕಾಯಿ ಆಯ್ದು ತಿನ್ನುತ್ತಿದ್ದವು. ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಹೊತ್ತು ಮನೆಮನೆಗೆ ಬಂದರು. ಎಲ್ಲ ಹೆಂಗಸರೂ ಅವನ ಮೇಲೆ ಕೊಡದ ನೀರು ಸುರಿದರು. ಅಜ್ಜಿ ಮೊರದ ತುಂಬ ಜೋಳ ಕೊಟ್ಟಳು, ನೀರು ಮಾತ್ರ ಸುರಿಯಲಿಲ್ಲ.

"ಏನೇ, ಕುರಿ ಸಾಯ್ಲಿ ಅಂತೀಯಾ?" ಎಂದ ತಾತ.

ನಾನು ಚರ್ಚಾಸ್ಪರ್ಧೆಯ ಹುರುಪಿನಲ್ಲಿ ಮಧ್ಯೆ ಬಾಯಿ ಹಾಕಿದೆ. "ಅಜ್ಜಿ, ನೀನು ನೀರು ಹಾಕಿದ್ರೆ ತುಫಾನು ಬರಲ್ಲ, ಹಾಕ್ದಿದ್ರೆ ನಿಲ್ಲೋದೂ ಇಲ್ಲ."

"ಗೊತ್ತೈತೆ ಕಣೆ ಲಾಯರಮ್ಮ. ಬಂದ್ರೆ ಬರ್ಲಿ. ಕರೆದೋಳು ನಾನಾಗಬಾರ್ದು, ಅಷ್ಟೇ."

ಕೆಲವೇ ದಿನಗಳಲ್ಲಿ ಕಂಬಳಿ ನಾರಿತು, ಜಡಿಮಳೆ ಹಿಡಿಯಿತು. ತಾತ ಅಂಗಳದಲ್ಲಿ ಬೇಕೆಂದೇ ನೆನೆಯುತ್ತ ನಿಂತ. ಅಜ್ಜಿ ಮೂಡಲ ಬಾಗಿಲಲ್ಲಿ ಕೂತವಳು ಚಿಕ್ಕಮ್ಮನ ಫೋನು ಬರುವ ತನಕ ಉಣ್ಣಲಿಲ್ಲ. ಸೂರು ಹಾರಿತ್ತು, ಜನ ಉಳಿದಿದ್ದರು. ಅದನ್ನು ಹೇಳುವ ಮೊದಲೇ ಚಿಕ್ಕಮ್ಮ ಕೇಳಿದ್ದು, "ಅವ್ವಾ, ಅಲ್ಲಿ ಮಳೆ ಆತಾ?"

"ಆತು ತಾಯಿ" ಎಂದ ಅಜ್ಜಿಯ ದನಿ, ತಪ್ಪು ಮಾಡಿದವಳ ದನಿಯಂತೆ ತಗ್ಗಿತ್ತು.

ಈಗ ತಾತ ಇಲ್ಲ, ಅಜ್ಜಿ ಇಲ್ಲ. ಕುರಿ ಮಾರಿದ್ದಾಯಿತು, ಕಾವಲಿಗೆ ಬೇಲಿ ಬಿದ್ದಿದೆ, ಆ ಮೂಡಲ ಬಾಗಿಲಿದ್ದ ಗೋಡೆ ಮಣ್ಣಿಗೆ ಮಣ್ಣಾಗಿದೆ. ಮೊನ್ನೆ ಟ್ರಂಕು ಮುಚ್ಚದೆ ಚಿಕ್ಕಮ್ಮನಿಗೆ ಫೋನು ಮಾಡಿದೆ. ಈಗ ಅವಳದು ಸಿಮೆಂಟಿನ ಮನೆ.

"ಗಾಳಿ ಜೋರೈತಾ?"

"ಜೋರೈತೆ. ಅಲ್ಲಿ ಮಳೆ ಆತಾ?"

"ಇನ್ನೂ ಇಲ್ಲ."

ಸಂಜೆ ಅಂಗಳದಲ್ಲಿ ಮೊದಲ ಹನಿ ಬಿತ್ತು. ನಾನು ಕರೆದಿರಲಿಲ್ಲ.